ಎರಡು ಒಲೆಯ ಮನೆ

ಉದಕಮಂಡಲದಲ್ಲಿ ಒಬ್ಬ ವಕೀಲರ ಬಳಿ ನಾನು ಗುಮಾಸ್ತನಾಗಿದ್ದಾಗ ನನ್ನ ಪಾಲಿಗೆ ಬಂದಿದ್ದ ಕೆಲಸ ಜಮೀನಿನ ಮೂಲ ಹುಡುಕುವುದು. ಯಾರಾದರೂ ಭೂಮಿ ಕೊಳ್ಳಲು ಹೊರಟರೆ, ಮಾರುವವನಿಗೆ ಅದನ್ನು ಮಾರುವ ಹಕ್ಕು ನಿಜವಾಗಿ ಇದೆಯೇ, ಅವನಿಗೆ ಅದು ಯಾರಿಂದ ಬಂತು, ನಡುವೆ ಯಾರಾದರೂ ಅಡವಿಟ್ಟಿದ್ದಾರೆಯೇ ಎಂದು ನೋಡಿ ಹೇಳಬೇಕು. ಅದಕ್ಕಾಗಿ ಸಬ್‌ರಿಜಿಸ್ಟ್ರಾರ್ ಕಚೇರಿಯ ಬೆಂಚಿನ ಮೇಲೆ ಕಂಬಳಿ ಹೊದ್ದು ಕೂತು, ಹಳೆಯ ಕ್ರಯಪತ್ರಗಳ ನಕಲುಗಳನ್ನು ಒಂದೊಂದಾಗಿ ಓದುತ್ತಿದ್ದೆ. ಜೂನ್ ತಿಂಗಳ ಗಾಳಿಗೆ ಕಿಟಕಿ ಮುಚ್ಚಿದರೆ ಅಕ್ಷರ ಕಾಣುತ್ತಿರಲಿಲ್ಲ, ತೆರೆದರೆ ಬೆರಳು ಮಡಚಲು ಬರುತ್ತಿರಲಿಲ್ಲ. ಆದರೂ ನನಗೆ ಆ ಕೆಲಸ ಇಷ್ಟವಾಗಿತ್ತು. ಒಂದು ತುಂಡು ನೆಲ ತಂದೆಯಿಂದ ಮಗನಿಗೆ, ಮಗನಿಂದ ನೆಂಟನಿಗೆ, ನೆಂಟನಿಂದ ಗೊತ್ತಿಲ್ಲದವನಿಗೆ ಕೈದಾಟುವುದನ್ನು ಓದುತ್ತಿದ್ದರೆ, ಕಾಣದ ಜನರ ಜೊತೆ ಕೂತು ಮಾತಾಡಿದ ಹಾಗಿರುತ್ತಿತ್ತು.

ಮದುವೆಯಾದ ಹೊಸತು. ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಒಂದು ಕೋಣೆಯಲ್ಲಿದ್ದೆವು. ನನ್ನ ಹೆಂಡತಿ ಕಟ್ಟಬೆಟ್ಟಿನ ಕಡೆಯ ಹಟ್ಟಿಯಲ್ಲಿ ಹುಟ್ಟಿ ಬೆಳೆದವಳು. ಮುಂಜಾನೆ ಬಾಗಿಲು ತೆಗೆದರೆ ಬೆಟ್ಟದ ಇಳಿಜಾರು ಕಾಣಬೇಕು ಅವಳಿಗೆ. ಇಲ್ಲಿ ಬಾಗಿಲು ತೆಗೆದರೆ ಎದುರಿಗೆ ಕಟ್ಟಿಗೆ ಡಿಪೋದ ತಗಡಿನ ಗೋಡೆ. ಅವಳು ಅದರ ಬಗ್ಗೆ ಗೊಣಗಿದವಳಲ್ಲ. ಆದರೆ ಒಡೆದ ಮಡಕೆಯೊಂದರಲ್ಲಿ ಮಣ್ಣು ತುಂಬಿ, ನಾಲ್ಕು ಆಲೂಗಡ್ಡೆ ಹೂತು, ಅದಕ್ಕೆ ದಿನವೂ ನೀರು ಹಾಕಿ ನೋಡುತ್ತಿದ್ದಳು. ಅದನ್ನು ಕಂಡಾಗೆಲ್ಲ ನನಗೆ ಎಲ್ಲಾದರೂ ಸ್ವಲ್ಪ ನೆಲ ಕೊಳ್ಳಬೇಕು ಅನ್ನಿಸುತ್ತಿತ್ತು.

ಅವಳ ತವರಿನ ಕಡೆಯಿಂದಲೇ ಸುದ್ದಿ ಬಂತು. ಅವರ ಹಟ್ಟಿಯಿಂದ ಆಚೆ, ಒಂದು ಹಳ್ಳ ದಾಟಿದರೆ, ಸಾಲುಮನೆಗಳಿಂದ ದೂರವಾಗಿ ಒಂಟಿಯಾಗಿ ನಿಂತ ಒಂದು ಮನೆ. ಅದರ ಸುತ್ತ ಆಲೂಗಡ್ಡೆ, ನಮ್ಮ ಕಡೆ ಗಂಜೆ ಎನ್ನುವ ಬಾರ್ಲಿ ಬೆಳೆಯುವ ಹೊಲ. ಮನೆಯವನ ಹೆಂಡತಿಗೆ ಕೀಲುನೋವು. ಬೆಟ್ಟದ ಚಳಿ ಅವಳಿಗೆ ಆಗದು, ಬೆಚ್ಚಗಿನ ಜಾಗಕ್ಕೆ ಹೋಗಿ ಎಂದು ಡಾಕ್ಟರು ಹೇಳಿದ್ದರು. ಗೂಡಲೂರಿನ ಕಡೆ ಗದ್ದೆ ಮಾಡುತ್ತಿದ್ದ ನೆಂಟರು ಬಾ ಎಂದು ಕರೆದಿದ್ದರು. ಹಾಗಾಗಿ ಮಾರಲು ಹೊರಟಿದ್ದ.

ಅವನೇ ಒಂದು ದಿನ ನನ್ನನ್ನು ನೋಡಲು ಕಚೇರಿಗೆ ಬಂದ. ನಲವತ್ತು ದಾಟಿದ, ಮೆದುಮಾತಿನ ಮನುಷ್ಯ. ಪಟ್ಟಾ ಅವನ ಹೆಸರಿನಲ್ಲಿತ್ತು. ತಂದೆಯ ಕಾಲದ ಜಮೀನು. ಒಬ್ಬ ಅಣ್ಣನಿದ್ದ, ಮಕ್ಕಳಿಲ್ಲದೆ ತೀರಿಹೋಗಿದ್ದ.

"ಅಣ್ಣನೂ ನಾನೂ ಪಾಲಾದವರಲ್ಲ. ಒಟ್ಟಿಗೇ ಇದ್ದೆವು," ಎಂದ.

ನಾನು ಹುಡುಕಿದೆ. ಅವನ ತಂದೆ ಕೊಂಡ ಪತ್ರ ಸಿಕ್ಕಿತು. ಅಡಮಾನವಿಲ್ಲ, ದಾನಪತ್ರವಿಲ್ಲ, ವಿಭಾಗಪತ್ರವೂ ಇಲ್ಲ. ನಮ್ಮ ಕಡೆ ಭೂಮಿಯ ಮೇಲಿನ ತೊಡಕಿಗೆ ಎಲ್ಲರೂ ತಮಿಳಿನಿಂದ ಬಂದ 'ವಿಲ್ಲಂಗ' ಎಂಬ ಮಾತನ್ನೇ ಆಡುತ್ತಿದ್ದರು. ವಿಲ್ಲಂಗವಿಲ್ಲ ಎಂಬ ಸರ್ಟಿಫಿಕೇಟು ಕಚೇರಿಯಿಂದ ಕೈಗೆ ಬಂದ ಸಂಜೆ ನಾನು ಮನೆಗೆ ಓಡೋಡಿ ಹೋದೆ. ಹೆಂಡತಿ ಮಡಕೆಯ ಆಲೂಗಡ್ಡೆಯನ್ನು ಕಿತ್ತು ಸಾರು ಮಾಡಿದಳು. "ಇನ್ನು ಇದಕ್ಕೆ ನೀರು ಹಾಕುವ ಕೆಲಸವಿಲ್ಲ," ಎಂದು ನಕ್ಕಳು.

ಮಾರನೆಯ ವಾರ ಇಬ್ಬರೂ ಮನೆ ನೋಡಲು ಹೋದೆವು. ಕೋತಗಿರಿಯ ಬಸ್ಸಿನಲ್ಲಿ ಕಟ್ಟಬೆಟ್ಟಿಗೆ ಹೋಗಿ, ಅಲ್ಲಿಂದ ಕಾಲುದಾರಿ ಹಿಡಿದೆವು. ಬಿಸಿಲಿತ್ತು. ಮನೆ ನಾವು ಅಂದುಕೊಂಡದ್ದಕ್ಕಿಂತ ಚೆನ್ನಾಗಿತ್ತು. ಅಂಗಳದಲ್ಲಿ ನಿಂತರೆ ಕಣಿವೆಯ ಆಚೆ ಬೆಟ್ಟಗಳು ಒಂದರ ಹಿಂದೆ ಒಂದು ನೀಲಿಯಾಗುತ್ತ ಹೋಗುತ್ತಿದ್ದವು. ಹೆಂಡತಿ ಅಲ್ಲೇ ನಿಂತುಬಿಟ್ಟಳು. ಮನೆಯವನ ಹೆಂಡತಿ ಗೋಡೆ ಹಿಡಿದು ನಿಧಾನವಾಗಿ ಬಂದು ನಮ್ಮನ್ನು ಒಳಗೆ ಕರೆದಳು. ನನ್ನ ಹೆಂಡತಿ ಅವಳ ಜೊತೆ ಅಡುಗೆಮನೆಗೆ ಹೋದವಳು ಸ್ವಲ್ಪ ಹೊತ್ತಿಗೆ ಹಿತ್ತಿಲ ಕಡೆಯ ಕೋಣೆಯಿಂದ ನನ್ನನ್ನು ಕರೆದಳು.

ಅದು ಸಣ್ಣ ಕೋಣೆ. ಅಲ್ಲೊಂದು ಒಲೆ. ಸಾರಿಸಿ ನುಣುಪು ಮಾಡಿದ, ದಿನವೂ ಉರಿಯುವ ಒಲೆ. ಪಕ್ಕದಲ್ಲಿ ಒಂದೇ ಒಂದು ತಟ್ಟೆ, ಒಂದು ಚೊಂಬು, ಗೂಟಕ್ಕೆ ಒಂದು ಬಿಳಿ ದುಪ್ಪಟಿ.

"ಇದು ಯಾರ ಒಲೆ ಅಕ್ಕ?" ಎಂದು ನನ್ನ ಹೆಂಡತಿ ಕೇಳಿದಳು.

"ನಮ್ಮ ಅಕ್ಕನದು, ಇವರ ಅಣ್ಣನ ಹೆಂಡತಿಯದು. ಭಾವ ಹೋದಮೇಲೂ ಇಲ್ಲೇ ಬೇಯಿಸಿಕೊಂಡಿದ್ದಾಳೆ. ಈಗ ಹೊಲದಲ್ಲಿದ್ದಾಳೆ," ಎಂದಳು ಮನೆಯಾಕೆ. "ಅವಳನ್ನೂ ಗೂಡಲೂರಿಗೆ ಕರಕೊಂಡು ಹೋಗುತ್ತೇವೆ. ಬಿಟ್ಟು ಹೋಗೋದಿಲ್ಲೆ."

ಅವಳ ಮಾತಿನಲ್ಲಿ ಕಪಟವಿರಲಿಲ್ಲ. ಆದರೆ ನಾನು ಆ ಒಲೆಯನ್ನೇ ಮತ್ತೆ ನೋಡಿದೆ. ವಕೀಲರ ಬಳಿ ಇದ್ದು ನಾನು ಕಲಿತಿದ್ದ ಒಂದು ವಿಷಯವೆಂದರೆ, ಅಣ್ಣತಮ್ಮಂದಿರು ಪಾಲಾಗಲು ಕಾಗದವೇ ಬೇಕೆಂದಿಲ್ಲ. ಬಾಯಿಮಾತಿನಲ್ಲಿ ಪಾಲಾದರೂ ಕಾನೂನು ಒಪ್ಪುತ್ತದೆ. ಹಾಗೆ ಪಾಲಾಗಿದ್ದರೆ ಮೊದಲು ಕಾಣುವ ಗುರುತು ಬೇರೆ ಒಲೆ.

ವಾಪಸು ಬರುವಾಗ ಬಸ್ಸಿನಲ್ಲಿ, ಆಗ ನಡೆಯುತ್ತಿದ್ದ ಕಾನೂನಿನಂತೆ ಇದನ್ನು ಹೆಂಡತಿಗೆ ಬಿಡಿಸಿ ಹೇಳಿದೆ. "ಅಣ್ಣ ಬದುಕಿದ್ದಾಗಲೇ ಪಾಲಾಗಿದ್ದರೆ ಅವನ ಪಾಲು ಹೆಂಡತಿಗೆ ಹೋಗುತ್ತದೆ, ಅವಳು ಬದುಕಿರುವವರೆಗೆ. ಆಗ ಮೈದುನ ಇದನ್ನೆಲ್ಲ ಮಾರುವಂತಿಲ್ಲ. ಪಾಲಾಗದೆ ಇದ್ದರೆ ಆಸ್ತಿಯೆಲ್ಲ ತಮ್ಮನದೇ. ಅವಳಿಗೆ ಇರುವುದು ಅನ್ನಬಟ್ಟೆ ಮತ್ತು ವಾಸದ ಹಕ್ಕು ಮಾತ್ರ."

"ಆ ಹಕ್ಕು ಕಚೇರಿಯ ಪುಸ್ತಕದಲ್ಲಿ ಇರುತ್ತದಾ?"

"ಇಲ್ಲ."

ಅವಳು ಕಿಟಕಿಯಾಚೆ ನೋಡುತ್ತ ಕೂತಳು. ಸ್ವಲ್ಪ ಹೊತ್ತಾದ ಮೇಲೆ, "ಆಕೆಗೆ ಗೂಡಲೂರಿಗೆ ಹೋಗಲು ಇಷ್ಟವಾ ಅಂತ ಯಾರಾದರೂ ಕೇಳಿದ್ದಾರಾ?" ಎಂದಳು.

ಮರುದಿನ ವಕೀಲರಿಗೆ ಎಲ್ಲವನ್ನೂ ತಿಳಿಸಿದೆ. ಅವರು ಬಯಲುಸೀಮೆಯಿಂದ ಬಂದವರು, ತಮಿಳಿನಲ್ಲಿ ಮಾತಾಡುತ್ತಿದ್ದರು. ಕೊರಳಿಗೆ ಮಫ್ಲರ್ ಸುತ್ತದೆ ಅವರನ್ನು ನಾನು ಕಂಡದ್ದೇ ಇಲ್ಲ. ನನ್ನ ಮಾತು ಮುಗಿದ ಮೇಲೆ ಮೇಜಿನ ಮೇಲಿದ್ದ ಒಂದು ಕಾನೂನು ಮಾಸಪತ್ರಿಕೆಯನ್ನು ತಟ್ಟಿ, "ಅಮೆರಿಕದಲ್ಲಿ ಇದಕ್ಕೂ ವಿಮಾ ಕಂಪನಿಗಳಿವೆ, ಗೊತ್ತೇ?" ಎಂದರು. "ಬೆಂಕಿಗೆ, ಹಡಗಿಗೆ ವಿಮೆ ಮಾಡಿಸುವ ಹಾಗೆ, ಕೊಂಡವನ ಹಕ್ಕಿಗೆ ವಿಮೆ. ಕಂಪನಿಯವರೇ ಮೂಲ ಹುಡುಕುತ್ತಾರೆ. ಒಂದು ಸಲ ಹಣ ಕಟ್ಟಿದರೆ ಆಯಿತು. ಅವರ ಕಣ್ಣಿಗೆ ಬೀಳದ ಹಳೆಯ ದೋಷವೊಂದು ಮುಂದೆ ಎದ್ದುಬಂದರೆ, ಕೋರ್ಟಿನ ಖರ್ಚನ್ನೂ ನಷ್ಟವನ್ನೂ ಕಂಪನಿ ಕೊಡುತ್ತದೆ."

"ನಮ್ಮಲ್ಲಿ ಅಂಥದ್ದು ಇಲ್ಲವಲ್ಲ ಸಾರ್."

"ನಮ್ಮಲ್ಲಿ ಮಾರುವವನ ಮಾತೇ ವಿಮೆ. ಮುಂದೆ ಯಾರಾದರೂ ತಕರಾರು ತೆಗೆದರೆ ನಾನೇ ಪರಿಹರಿಸಿ ನಷ್ಟ ತುಂಬಿಕೊಡುತ್ತೇನೆ ಎಂದು ಪತ್ರದಲ್ಲಿ ಬರೆಸುತ್ತೇವಲ್ಲ, ಅದು. ಅವನು ಒಳ್ಳೆಯವನಾಗಿ, ಬದುಕಿದ್ದು, ಕೈಯಲ್ಲಿ ನಾಲ್ಕು ಕಾಸೂ ಇದ್ದರೆ ಅದಕ್ಕೆ ಬೆಲೆ." ಅವರು ಮಫ್ಲರನ್ನು ಸರಿಮಾಡಿಕೊಂಡರು. "ಆದರೆ ಕೇಳು. ಆ ಕಂಪನಿಯವರು ಕೂಡ ಸಾಮಾನ್ಯವಾಗಿ ಒಂದು ಮಾತು ಬರೆದಿಟ್ಟುಕೊಳ್ಳುತ್ತಾರೆ. ಮನೆಯೊಳಗೆ ವಾಸವಾಗಿರುವವರ ಹಕ್ಕಿಗೆ ನಾವು ಹೊಣೆಯಲ್ಲ ಎಂದು. ಕಣ್ಣೆದುರಿಗೆ ಇರುವವರನ್ನು ಕೊಳ್ಳುವವನೇ ಹೋಗಿ ಕೇಳಬೇಕು. ಕೇಳದೆ ಕೊಂಡು, ಆಮೇಲೆ ನನಗೆ ಗೊತ್ತಿರಲಿಲ್ಲ ಎಂದರೆ ಕೋರ್ಟು ಒಪ್ಪುವುದಿಲ್ಲ."

ಹೊರಡುವ ಮೊದಲು ಇನ್ನೊಂದು ಮಾತು ಹೇಳಿದರು. ಅದು ಕಾನೂನಿನ ಮಾತಾಗಿರಲಿಲ್ಲ. "ಮೈದುನನ ಎದುರಿಗೆ ಕೇಳಬೇಡ. ನಿನ್ನ ಹೆಂಡತಿಯನ್ನು ಕರೆದುಕೊಂಡು ಹೋಗು. ಯಾವ ಉತ್ತರ ಕೊಟ್ಟರೆ ಆಕೆಗೆ ಏನು ಸಿಗುತ್ತದೆ, ಏನು ಹೋಗುತ್ತದೆ ಎಂಬುದನ್ನು ಮೊದಲು ಹೇಳು. ಆಮೇಲೆ ಪ್ರಶ್ನೆ ಕೇಳು."

ನಾವಿಬ್ಬರೂ ಮತ್ತೆ ಅಲ್ಲಿಗೆ ಹೋದ ದಿನ ಆ ಅಣ್ಣನ ಹೆಂಡತಿ ಹೊಲದ ಅಂಚಿನಲ್ಲಿ ಕೂತು ಕಳೆ ಕೀಳುತ್ತಿದ್ದಳು. ಅರವತ್ತರ ಸಮೀಪದ, ಸಣ್ಣ ಮೈಕಟ್ಟಿನ ಹೆಂಗಸು. ಹಣೆಯ ಮೇಲೆ ನಮ್ಮ ಹೆಂಗಸರು ಹಾಕಿಸಿಕೊಳ್ಳುವ ಹಚ್ಚೆ. ನಾವು ಹತ್ತಿರ ಹೋದಾಗ ಎದ್ದು ನಿಲ್ಲಲು ಹೊರಟಳು. ನನ್ನ ಹೆಂಡತಿ ತಡೆದು ಪಕ್ಕದಲ್ಲೇ ಕೂತು ತಾನೂ ಕಳೆ ಕೀಳತೊಡಗಿದಳು. ನಾನು ಎದುರಿಗೆ ಕೂತೆ. ವಕೀಲರು ಹೇಳಿದಂತೆಯೇ ಎಲ್ಲವನ್ನೂ ನಿಧಾನವಾಗಿ ನಮ್ಮ ಬೆಟ್ಟದ ಮಾತಿನಲ್ಲಿ ಬಿಡಿಸಿ ಹೇಳಿದೆ.

ಆಕೆ ಪೂರ್ತಿ ಕೇಳಿದಳು. "ಹಂಗಾದರೆ, ಪಾಲಾಗಿದ್ದೆವು ಅಂದರೆ ಈ ಹೊಲ ಎನಗಾ?"

"ಅರ್ಧ ನಿಮಗೆ, ಅವ್ವೆ. ನೀವು ಬದುಕಿರುವವರೆಗೆ. ಯಾರೂ ಏಳಿಸುವಂತಿಲ್ಲ."

"ಇಲ್ಲ ಅಂದರೆ?"

"ಮೈದುನ ಮಾರಬಹುದು. ನಿಮ್ಮನ್ನು ನೋಡಿಕೊಳ್ಳುವ ಜವಾಬ್ದಾರಿ ಮಾತ್ರ ಅವನ ಮೇಲಿರುತ್ತದೆ."

ಆಕೆ ಕೈಯ ಮಣ್ಣನ್ನು ಉಜ್ಜಿಕೊಂಡಳು. ಆ ನೆಲದ ಮೇಲೆ ನನಗೆ ಆಸೆ ಇತ್ತು. ಆಕೆ ಹೌದು ಅಂದರೂ ನನಗೆ ಬೇಸರವಾಗುತ್ತಿರಲಿಲ್ಲ ಎಂದು ಹೇಳಿದರೆ ಸುಳ್ಳಾದೀತು.

"ಎನ್ನ ಗಂಡನಿಗೆ ಎದೆಯ ಕಾಯಿಲೆ ಬಂದಿತ್ತು," ಎಂದಳು ಕೊನೆಗೆ. "ಕೆಮ್ಮಿದರೆ ರಕ್ತ. ಮೈದುನನ ಕೂಸುಗಳು ಆಗ ಸಣ್ಣವು, ದೊಡ್ಡಪ್ಪ ಅಂದರೆ ಪ್ರಾಣ. ಅವನ ತಟ್ಟೆಗೇ ಕೈ ಹಾಕುತ್ತಿದ್ದವು. ಒಂದು ದಿನ ಅವನೇ ಮಣ್ಣು ಕಲಸಿ ಹಿಂದಿನ ಕೋಣೆಯಲ್ಲಿ ಒಲೆ ಹಾಕಿದ. ಎನ್ನ ನೀರು, ಎನ್ನ ತಟ್ಟೆ, ಎನ್ನ ಬೆಂಕಿ ಇಲ್ಲೇ ಇರಲಿ, ಕೂಸುಗಳು ಈ ಕಡೆ ಬಾರದ ಹಾಗೆ ನೋಡಿಕೋ ಅಂದ. ಬಾಗಿಲ ಹೊರಗೆ ನಿಂತು ಅವು ಅಳುತ್ತಿದ್ದವು. ಒಳಗೆ ಇವನು ಅಳುತ್ತಿದ್ದ."

ನನ್ನ ಹೆಂಡತಿಯ ಕೈ ನಿಂತಿತ್ತು.

"ಅವ ಹೋದಮೇಲೆ ಎನಗೆ ಆ ಒಲೆ ಬಿಡಲು ಮನಸ್ಸಾಗಲಿಲ್ಲೆ. ಅಷ್ಟೇ. ಪಾಲಾಗಿದ್ದೆವು ಅನ್ನೋದು ಸುಲಭ. ಆದರೆ ಅವ ತಮ್ಮನ ಕೂಸುಗಳಿಗೋಸ್ಕರ ಮಾಡಿದ್ದನ್ನು, ತಮ್ಮನಿಂದ ಬೇರೆಯಾಗಲು ಮಾಡಿದ ಅಂತ ಎನ್ನ ಬಾಯಲ್ಲಿ ಹೇಳಲಾ? ಪಾಲಾಗಲಿಲ್ಲ. ಹಂಗೆಂದೇ ಬರಕೊಳ್ಳಿ."

ಆಮೇಲೆ ನನ್ನ ಹೆಂಡತಿ ಕೇಳಿದಳು, "ಅವ್ವೆ, ನಿಮಗೆ ಗೂಡಲೂರಿಗೆ ಹೋಗಲು ಮನಸ್ಸಿದೆಯಾ?"

ಆಕೆ ಅವಳನ್ನು ದಿಟ್ಟಿಸಿ ನೋಡಿದಳು. ಕಣ್ಣು ತುಂಬಿಬಂತು. "ಅದನ್ನು ಎನ್ನ ಕೇಳಿದವಳು ನೀನೇ ಮೊದಲು," ಎಂದಳು. "ಎನಗೆ ಇಲ್ಲೇ ಇರಬೇಕು. ಮೈದುನನಿಗೆ ಹೇಳಿದರೆ ನೊಂದುಕೊಳ್ಳುತ್ತಾನೆ, ಒಳ್ಳೆಯವ. ಅದಕ್ಕೆ ಸುಮ್ಮನಿದ್ದೆ."

ಹೆಂಡತಿ ನನ್ನ ಮುಖ ನೋಡಿದಳು. ನಾವಿಬ್ಬರೂ ಅದಕ್ಕೂ ಮೊದಲು ಆ ವಿಷಯ ಮಾತಾಡಿರಲಿಲ್ಲ. ಮಾತಾಡುವ ಅಗತ್ಯವೂ ಬೀಳಲಿಲ್ಲ. "ಇಲ್ಲೇ ಇರಿ ಅವ್ವೆ," ಎಂದೆ. "ಪತ್ರದಲ್ಲೇ ಬರೆಸುತ್ತೇನೆ."

ಮೈದುನನಿಗೆ ಹೇಳುವುದೇ ಕಷ್ಟವಾಯಿತು. ಅಂದೇ ಅಂಗಳದಲ್ಲಿ ಎಲ್ಲರೂ ಕೂತೆವು. ಅವನು ಕೇಳುತ್ತ ಕೇಳುತ್ತ ಕೆಂಪಾದ.

"ಅತ್ತಿಗೆ, ನಿನ್ನ ಬೇರೆಯವರ ಕೈಗೆ ಬಿಟ್ಟು ಹೋದ ಅಂತ ಹಟ್ಟಿಯವರು ಎನ್ನ ಮುಖಕ್ಕೆ ಉಗಿಯುತ್ತಾರೆ."

"ಬಿಟ್ಟು ಹೋದೆ ಅಂತ ಏಕೆ ಹೇಳುತ್ತೀ? ಅತ್ತಿಗೆ ಬರಲಿಲ್ಲ, ಹಟ ಹಿಡಿದಳು ಅಂತ ಹೇಳು," ಎಂದಳು ಆಕೆ. "ಹಟಮಾರಿ ಅಂತ ಎನಗೆ ಮೊದಲೇ ಹೆಸರಿದೆ."

ಅವನು ನಗಲು ಹೋಗಿ ಅತ್ತುಬಿಟ್ಟ. ಆಕೆ ಎದ್ದು ಹೋಗಿ ಅವನ ತಲೆಯ ಮೇಲೆ ಕೈ ಇಟ್ಟಳು. ಅವನ ಹೆಂಡತಿಯೂ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಪತ್ರವನ್ನು ವಕೀಲರೇ ಹೇಳಿ ಬರೆಸಿದರು. ಹಿತ್ತಿಲ ಕೋಣೆ, ಅದರ ಮುಂದಿನ ಸಣ್ಣ ತೋಟ, ಹಳ್ಳಕ್ಕೆ ನೀರಿಗೆ ಹೋಗುವ ದಾರಿ, ಇವು ಆಕೆ ಬದುಕಿರುವವರೆಗೆ ಆಕೆಯ ಅನುಭವದಲ್ಲಿ ಇರತಕ್ಕದ್ದು, ಕೊಂಡವರಾಗಲಿ ಅವರಿಂದ ಮುಂದೆ ಕೊಳ್ಳುವವರಾಗಲಿ ಅಡ್ಡಿಪಡಿಸತಕ್ಕದ್ದಲ್ಲ ಎಂದು. ಮುಂದೆ ತಕರಾರು ಬಂದರೆ ತಾನೇ ಪರಿಹರಿಸುವುದಾಗಿ ಮೈದುನ ಒಪ್ಪಿದ ಮಾತೂ ಅದರ ಕೆಳಗೆ ಬಂತು. ಆಕೆಯೂ ಪತ್ರಕ್ಕೆ ಸೇರಿದಳು, ತನ್ನ ಒಪ್ಪಿಗೆ ಇದೆ ಎಂದು.

ರಿಜಿಸ್ಟ್ರೇಷನ್ ದಿನ ಆಕೆ ಮೊದಲ ಸಲ ಉದಕಮಂಡಲ ನೋಡಿದಳು. ಸಬ್‌ರಿಜಿಸ್ಟ್ರಾರರು ಪತ್ರ ಓದಿಸಿ, "ಯಾರಾದರೂ ಹೆದರಿಸಿ ಕರೆತಂದರೇನಮ್ಮ?" ಎಂದು ವಾಡಿಕೆಯಂತೆ ಕೇಳಿದರು. ನಾನು ಅದನ್ನು ನಮ್ಮ ಮಾತಿನಲ್ಲಿ ಹೇಳಿದೆ. "ಬಸ್ಸು ಹೆದರಿಸಿತು. ಬೇರೆ ಯಾರೂ ಇಲ್ಲೆ," ಎಂದಳು. ನಾನು ಅದನ್ನೇ ತಮಿಳಿನಲ್ಲಿ ಹೇಳಿದಾಗ ಆ ಗಂಭೀರ ಮನುಷ್ಯ ಕನ್ನಡಕ ತೆಗೆದು ನಕ್ಕರು. ಹೆಬ್ಬೆಟ್ಟು ಒತ್ತಿದ ಮೇಲೆ ಆಕೆ ಬೆರಳಿನ ಮಸಿಯನ್ನು ಯಾರಿಗೂ ಒರೆಸಲು ಬಿಡಲಿಲ್ಲ. ಊರಿಗೆ ಹೋಗಿ ತೋರಿಸಬೇಕಂತೆ. ಆಮೇಲೆ ನನ್ನ ಹೆಂಡತಿ ಆಕೆಯನ್ನು ರೈಲು ನೋಡಲು ಸ್ಟೇಷನ್ನಿಗೆ ಕರೆದುಕೊಂಡು ಹೋದಳು. ರೈಲು ಹೊಗೆ ಬಿಡುತ್ತ ಬಂದು ನಿಂತಾಗ ಆಕೆ ಎರಡು ಕೈಯಿಂದಲೂ ಅವಳ ತೋಳು ಹಿಡಿದುಕೊಂಡಿದ್ದಳಂತೆ.

ನಾವು ಆ ಮನೆಗೆ ಬಂದ ಮೇಲೆ ನಾನು ವಾರವೆಲ್ಲ ಉದಕಮಂಡಲದಲ್ಲಿ ಉಳಿದು, ಶನಿವಾರ ಮನೆಗೆ ಬರುತ್ತಿದ್ದೆ. ಹೆಂಗಸರಿಬ್ಬರೇ ಹೊಲ ನೋಡಿಕೊಂಡರು. ಮೊದಮೊದಲು ಆಕೆ ಒಂದು ಗೆರೆ ಎಳೆದುಕೊಂಡವಳಂತೆ ತನ್ನ ಕೋಣೆ ದಾಟಿ ಈಚೆ ಬರುತ್ತಿರಲಿಲ್ಲ. ನಮ್ಮ ಮಗಳು ಹುಟ್ಟಿದ ಮೇಲೆ ಆ ಗೆರೆ ಅಳಿಸಿಹೋಯಿತು. ನನಗೆ ತಾಯಿ ಇರಲಿಲ್ಲ. ಬಾಣಂತಿಗೆ ಎಣ್ಣೆ ಹಚ್ಚುವುದು, ಕೂಸನ್ನು ಕಾಲ ಮೇಲೆ ಹಾಕಿ ನೀರೆರೆಯುವುದು, ಎಲ್ಲ ಆಕೆಯೇ ಮಾಡಿದಳು. ಒಂದು ಶನಿವಾರ ನಾನು ಮನೆ ಸೇರಿದಾಗ ಹೆಂಡತಿಯೂ ಕೂಸೂ ಹಿತ್ತಿಲ ಕೋಣೆಯಲ್ಲೇ ನಿದ್ದೆಹೋಗಿದ್ದರು. ಆಕೆ ಬಾಗಿಲಲ್ಲಿ ಕೂತು, "ಸದ್ದು ಮಾಡಬೇಡ," ಎಂದು ನನಗೇ ಕೈಸನ್ನೆ ಮಾಡಿದಳು.

ಸುತ್ತಲಿನವರು ಆಲೂಗಡ್ಡೆ ಬಿಟ್ಟು ಚಹಾ ಹಾಕತೊಡಗಿದ ಕಾಲದಲ್ಲಿ, ಕೂನೂರಿನ ಕಡೆಯ ಒಬ್ಬರು ನಮ್ಮ ಜಮೀನಿಗೆ ಒಳ್ಳೆಯ ಬೆಲೆ ಕೊಡಲು ಬಂದರು. ಅವರ ವಕೀಲರು ಮೂಲ ಹುಡುಕಿಸಿ, ಮುದುಕಿಯ ಹಕ್ಕನ್ನು ಬಿಡಿಸಿಕೊಟ್ಟರೆ ಮಾತ್ರ ವ್ಯಾಪಾರ ಎಂದು ಹೇಳಿಕಳಿಸಿದರು. ಹೇಗೋ ಆ ಸುದ್ದಿ ಆಕೆಯ ಕಿವಿಗೆ ಬಿತ್ತು. ಸಂಜೆ ನನ್ನೆದುರು ಬಂದು ನಿಂತು, "ಎನ್ನಿಂದ ನಿಂಗೆ ನಷ್ಟವಾಗೋದು ಬೇಡ. ಎಲ್ಲಿ ಹೆಬ್ಬೆಟ್ಟು ಒತ್ತಬೇಕು ಹೇಳು," ಎಂದಳು. ನಾನು ಬಾಯಿ ತೆರೆಯುವ ಮೊದಲೇ ನನ್ನ ಹೆಂಡತಿ, "ಮಗಳು ಆಗಿನಿಂದ ನಿಮ್ಮನ್ನು ಹುಡುಕುತ್ತಿದ್ದಾಳೆ, ತಲೆ ಬಾಚಬೇಕಂತೆ. ಮೊದಲು ಅದನ್ನು ನೋಡಿ ಅವ್ವೆ," ಎಂದಳು. ಅಲ್ಲಿಗೆ ಆ ಮಾತು ಮುಗಿಯಿತು. ಕೂನೂರಿನವರು ಬೇರೆ ಕಡೆ ಕೊಂಡರು.

ಆಕೆ ತೀರಿಕೊಂಡದ್ದು ಮಗಳು ಶಾಲೆಗೆ ಹೋಗುವಷ್ಟು ದೊಡ್ಡವಳಾದ ಮೇಲೆ. ಒಂದು ಮಧ್ಯಾಹ್ನ ಬಿಸಿಲು ಕಾಯುತ್ತ ಕೂತವಳು ಹಾಗೇ ಒರಗಿದಳು. ಗಂಡನ ಪಕ್ಕದಲ್ಲೇ ಮಣ್ಣು ಮಾಡಿದೆವು. ಗೂಡಲೂರಿಗೆ ಆಳು ಕಳಿಸಿದ್ದೆ. ಆದರೆ ಘಾಟಿಯಲ್ಲಿ ಮಣ್ಣು ಕುಸಿದು ದಾರಿ ಕಟ್ಟಿತ್ತು. ಮೈದುನ ಬಂದು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವನೂ ಮುದುಕನಾಗಿದ್ದ, ತಲೆ ಪೂರ್ತಿ ಬೆಳ್ಳಗಾಗಿತ್ತು. ಅಂಗಳದಲ್ಲಿ ಕೂತು ಬಹಳ ಹೊತ್ತು ಬೆಟ್ಟ ನೋಡಿದ. ಅವನು ಯಾರೆಂದು ತಿಳಿಯದ ನನ್ನ ಮಗಳು ಕಾಫಿ ತಂದುಕೊಟ್ಟಳು.

"ನೀ ಅವಳನ್ನು ಏನಂತ ಕರೆಯುತ್ತಿದ್ದೆ ಕೂಸೇ?"

"ಅವ್ವೆ," ಎಂದಳು ಮಗಳು, ಇದೆಂಥ ಪ್ರಶ್ನೆ ಎನ್ನುವವಳಂತೆ.

ಅವನು ತಲೆದೂಗಿದ. ಆ ದಿನ ಅಲ್ಲೇ ಉಳಿದ. ಬೆಳಗ್ಗೆ ಹೊರಟಾಗ ನನ್ನ ಹೆಂಡತಿ ದಾರಿಗೆ ಬುತ್ತಿ ಕಟ್ಟಿಕೊಟ್ಟಳು. ಮಗಳು ಬಸ್ಸಿನ ರಸ್ತೆಯವರೆಗೆ ಅವನ ಚೀಲ ಹಿಡಿದು ಹೋದಳು. ಎಷ್ಟು ಹೊತ್ತಾದರೂ ಬರಲಿಲ್ಲ. ಹುಡುಕಲು ಹೊರಡಬೇಕು ಅನ್ನುವಷ್ಟರಲ್ಲಿ ಹಳ್ಳದ ಆಚೆಯಿಂದ ಓಡಿಬರುವುದು ಕಂಡಿತು. ಮೂರು ದಿನದಿಂದ ಅತ್ತು ಬಾಡಿದ್ದ ಮುಖ ಅರಳಿತ್ತು.

"ಅಪ್ಪಾ, ಅವ್ವೆ ಮದುವೆಯಾಗಿ ಬಂದಾಗ ಎಮ್ಮೆ ಕಂಡರೆ ಹೆದರಿ ಅಟ್ಟ ಹತ್ತಿ ಕೂತುಬಿಡುತ್ತಿದ್ದಳಂತೆ! ಆ ಅಜ್ಜ ಆಗ ಸಣ್ಣವನಂತೆ. ಅವನೇ ಕೈ ಹಿಡಿದು ಇಳಿಸುತ್ತಿದ್ದನಂತೆ! ನನಗೆ ಮಾತ್ರ, ಹೆದರಬೇಡ ಹೋಗು ಅಂತ ಬೈಯುತ್ತಿದ್ದಳು!"

ಹೊಲದಲ್ಲಿದ್ದ ನನ್ನ ಹೆಂಡತಿ, "ಏನಂತೆ, ಏನಂತೆ?" ಎಂದು ಕೇಳುತ್ತ, ಕೈಯಲ್ಲಿದ್ದ ಕುಡುಗೋಲನ್ನು ಅಲ್ಲೇ ಬಿಟ್ಟು ಓಡಿ ಬಂದಳು.